ನೇಪಾಳದಿಂದ ಬಂದು ಆರು ವಾರ, ಹೊಟ್ಟೆ ಇನ್ನೂ ನೆಟ್ಟಗಾಗಿಲ್ಲ. ನಿಮಗೂ ಹೀಗೆ ಆಗಿತ್ತಾ?

ಕ್ಯಾತ್ಸಂದ್ರದವನು:
ಜೂನ್‌ನಲ್ಲಿ ತುಮಕೂರಿನಿಂದ ಹದಿನಾಲ್ಕು ಜನ ಮುಕ್ತಿನಾಥಕ್ಕೆ ಹೋಗಿದ್ದೆವು. ವಾಪಸ್ ಬಂದ ನಾಲ್ಕನೇ ದಿನ ಭೇದಿ ಶುರು. ವಾರದ ಮೇಲೆ ನಿಂತಿತು ಅಂದುಕೊಂಡೆ, ಮತ್ತೆ ಬಂತು. ಹೀಗೇ ಹೋಗುತ್ತದೆ, ಬರುತ್ತದೆ. ಜ್ವರ ಇಲ್ಲ, ರಕ್ತ ಇಲ್ಲ. ಹೊಟ್ಟೆ ಉಬ್ಬರ, ಊಟ ಸೇರುವುದಿಲ್ಲ. ಸುಸ್ತು ಎಷ್ಟೆಂದರೆ ಮಹಡಿ ಹತ್ತಲು ಮಧ್ಯೆ ಒಮ್ಮೆ ಕೂರಬೇಕು. ತೂಕ 71ರಿಂದ 65ಕ್ಕೆ ಇಳಿದಿದೆ. ಎರಡು ಕೋರ್ಸ್ ಮಾತ್ರೆ ಮುಗಿದವು. ಮಲ ಪರೀಕ್ಷೆ ಒಂದು ಸಲ ಆಯಿತು, 'ಏನೂ ಇಲ್ಲ' ಅಂತ ಬಂತು. ವಯಸ್ಸು 52. ಅನುಭವ ಇರುವವರು ಹೇಳಿ.

ಹೂವಿನ ತೋಟ, ಚಿಕ್ಕಬಳ್ಳಾಪುರ:
ನಾನು ಎರಡು ವರ್ಷ ಕೀನ್ಯಾದಲ್ಲಿದ್ದೆ. ನೈವಾಶಾ ಸರೋವರದ ಪಕ್ಕ ಗುಲಾಬಿ ಫಾರ್ಮ್‌ನಲ್ಲಿ ಕೆಲಸ. ಅಲ್ಲಿದ್ದಷ್ಟು ದಿನ ಕಲ್ಲು ತಿಂದರೂ ಅರಗುತ್ತಿತ್ತು. ಊರಿಗೆ ಬಂದ ಎರಡನೇ ವಾರ ಹಿಡಿದುಕೊಂಡಿತು. ತೇಗಿದರೆ ಕೊಳೆತ ಮೊಟ್ಟೆ ವಾಸನೆ, ಹೆಂಡತಿಯೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಮಲ ಜಿಡ್ಡುಜಿಡ್ಡು, ಎರಡು ಬಕೆಟ್ ನೀರು ಸುರಿದರೂ ತೇಲುತ್ತಿತ್ತು. ಮೊದಲ ಡಾಕ್ಟರು ಗ್ಯಾಸ್ ಎಂದರು. ಎರಡನೆಯವರು ಸ್ಕ್ಯಾನ್ ಮಾಡಿಸಿದರು, 1,200. ಮೂರನೆಯವರು ಎಂಡೋಸ್ಕೋಪಿ, 4,500. ಬೆಂಗಳೂರಿಗೆ ಓಡಾಡಿದ್ದು ಬೇರೆ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಒಂದು ದಿನ ಆಗಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಒಬ್ಬರು ಮೂರು ಬೇರೆ ಬೇರೆ ದಿನದ ಮಲ ತನ್ನಿ ಎಂದರು. ಎರಡರಲ್ಲಿ ಏನೂ ಇಲ್ಲ, ಮೂರನೆಯದರಲ್ಲಿ ಸಿಕ್ಕಿತು, ಜಿಯಾರ್ಡಿಯಾ, ಕರುಳಿಗೆ ಅಂಟುವ ಕಣ್ಣಿಗೆ ಕಾಣದ ಪರೋಪಜೀವಿ. ದಿನವೂ ಹೊರಗೆ ಬೀಳುವುದಿಲ್ಲವಂತೆ ಅದು. ಟಿನಿಡಜೋಲ್ 500ರ ನಾಲ್ಕು ಮಾತ್ರೆ ಒಟ್ಟಿಗೆ ನುಂಗಿದೆ. ಮಾತ್ರೆಗೆ ನೂರು ರೂಪಾಯಿಯೂ ಆಗಲಿಲ್ಲ. ಹುಳ ಹುಡುಕಲು ಒಂಬತ್ತು ಸಾವಿರ!

ಮೂರು ದಿನ ಕುಡಿಯಬೇಡಿ ಎಂದಿದ್ದರು. ಮರುದಿನವೇ ಭಾವಮೈದನ ಮನೆ ಗೃಹಪ್ರವೇಶ. ಒಂದೇ ಒಂದು ಬಿಯರ್. ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ಅವರ ಹೊಸ ಬಚ್ಚಲಲ್ಲಿ ನನ್ನದೇ ಮೊದಲ ವಾಂತಿ.

ಆಮೇಲೂ ಎರಡು ತಿಂಗಳು ಹಾಲು ಸೇರಲಿಲ್ಲ. ಮನೆಯಲ್ಲಿ ಎರಡು ಹಸು. ಬೆಳಗ್ಗೆ ಕ್ಯಾನ್ ತುಂಬಿಸಿ ಡೇರಿಗೆ ಹಾಕಿ ಬಂದು ನಾನು ಕರಿ ಕಾಫಿ ಕುಡಿಯುವುದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾಲೂರು ಮಾವ:
ಮಗಳ ಜೊತೆ ಬಾಲಿಗೆ ಹೋಗಿ ಬಂದೆ, ಮೂರು ವಾರ ಕೆಟ್ಟಿತ್ತು. ಆಸ್ಪತ್ರೆಗೆ ಒಂದು ಪೈಸೆ ಕೊಡಲಿಲ್ಲ. ದಾಳಿಂಬೆ ಸಿಪ್ಪೆ ಒಣಗಿಸಿ ಕಷಾಯ, ಮಧ್ಯಾಹ್ನ ಮಜ್ಜಿಗೆ ಅನ್ನ, ರಾತ್ರಿ ರಾಗಿ ಅಂಬಲಿ. ಹದಿನಾಲ್ಕು ದಿನ ಖಾರ ಮುಟ್ಟಲಿಲ್ಲ. ಹದಿನೈದನೇ ದಿನ ಮುದ್ದೆ, ಬಸ್ಸಾರು. ಅಲ್ಲಿಗೆ ಮುಗಿಯಿತು. ಈಗಿನವರಿಗೆ ತಾಳ್ಮೆಯೇ ಇಲ್ಲ, ತೇಗು ಬಂದರೂ ಹೊಟ್ಟೆಗೆ ಕ್ಯಾಮೆರಾ ಇಳಿಸುತ್ತಾರೆ.

ಹೂವಿನ ತೋಟ, ಚಿಕ್ಕಬಳ್ಳಾಪುರ:
ಮಾವ, ಆ ತೇಗು ನಿಮಗೆ ಬಂದಿದ್ದರೆ ಗೊತ್ತಾಗುತ್ತಿತ್ತು.

ಗೌರಿಬಿದನೂರು ಅಕ್ಕ:
ಮಾವ, ನಿಮಗೆ ವಾಸಿಯಾಯಿತು, ಸಂತೋಷ. ನಮ್ಮ ಮನೆಯವರೂ ಹೀಗೇ ಮಾತಾಡುತ್ತಿದ್ದರು. ಕೆಲಸದ ಮೇಲೆ ಇಂಡೋನೇಷ್ಯಾದಲ್ಲಿ ಎಂಟು ತಿಂಗಳಿದ್ದು ಬಂದವರು. ನಾಲ್ಕು ತಿಂಗಳು ನಮ್ಮ ಅತ್ತೆಯ ಕಷಾಯವೇ ಗತಿ. 78 ಕೆಜಿ ಇದ್ದವರು 61ಕ್ಕೆ ಬಂದರು. ನಾಲಿಗೆ ಕೆಂಪಗೆ, ನುಣ್ಣಗೆ ಆಗಿಹೋಯಿತು. ಬಿಸಿ ಕಾಫಿ ತಾಗಿದರೆ ಕಣ್ಣಲ್ಲಿ ನೀರು. ಪಾದ ಜೋಮು ಹಿಡಿದು ಚಪ್ಪಲಿ ಬಿಟ್ಟುಹೋದರೂ ತಿಳಿಯುತ್ತಿರಲಿಲ್ಲ. ಒಂದು ಸಲ ಬಸ್ ಸ್ಟ್ಯಾಂಡಿನಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರು. ಹಿಮೋಗ್ಲೋಬಿನ್ 8.1, ಬಿ12 ಪಾತಾಳಕ್ಕೆ.

ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ ಟ್ರಾಪಿಕಲ್ ಸ್ಪ್ರೂ ಎಂದು ಬಂತು. ತಿಂದದ್ದನ್ನು ಹೀರಿಕೊಳ್ಳುವ ಎಳೆಗಳೆಲ್ಲ ಸವೆದು ಚಪ್ಪಟೆಯಾಗಿದ್ದವು. ಆರು ತಿಂಗಳು ಡಾಕ್ಸಿಸೈಕ್ಲಿನ್, ಫೋಲಿಕ್ ಆ್ಯಸಿಡ್, ಜೊತೆಗೆ ಬಿ12 ಇಂಜೆಕ್ಷನ್. 'ಇದಕ್ಕೆ ವಿದೇಶಕ್ಕೇ ಹೋಗಬೇಕಾಗಿಲ್ಲಮ್ಮ, ನಮ್ಮ ದಕ್ಷಿಣ ಭಾರತದಲ್ಲೂ ಇದೆ' ಎಂದರು ಡಾಕ್ಟರು. ಖರ್ಚನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ. ರಕ್ತ ಪರೀಕ್ಷೆ 6,350. ಎಂಡೋಸ್ಕೋಪಿ, ಬಯಾಪ್ಸಿ ಸೇರಿ 7,800. ಗೋಧಿ ಆಗದ ಕಾಯಿಲೆ ಅಲ್ಲ ಅಂತ ತಿಳಿದುಕೊಳ್ಳಲು 2,900. ಬಸ್ಸು, ಆಟೊ 4,120. ಮಾತ್ರೆ ಲೆಕ್ಕ ಬರೆಯುವುದನ್ನು ಮೂರನೇ ತಿಂಗಳಿಗೇ ಬಿಟ್ಟೆ. ತೂಕ ಇಳಿಯುತ್ತಿರುವವರಿಗೆ ತಾಳ್ಮೆ ಪಾಠ ಹೇಳಬೇಡಿ, ದಯವಿಟ್ಟು.

ಮಾಲೂರು ಮಾವ:
ನಿಮ್ಮ ಮನೆಯವರಿಗೆ ಕಷಾಯ ಕೊಟ್ಟವನು ನಾನಾ? ಅತ್ತೆ ಮೇಲಿನ ಸಿಟ್ಟು ನನ್ನ ಮೇಲೆ ಯಾಕಮ್ಮ?

ಗೌರಿಬಿದನೂರು ಅಕ್ಕ:
ನಮ್ಮ ಅತ್ತೆ ವಿಷಯ ನೀವು ಎತ್ತಬೇಡಿ.

ತಿಪಟೂರು ಕೊಬ್ಬರಿ:
ನನ್ನದೂ ನೇಪಾಳವೇ. 2019, ಜೂನ್ ಕೊನೆ, ಪೊಖರಾ. ನಾನು ಜಾಗ್ರತೆ ಮನುಷ್ಯ. ಬಾಟಲಿ ಬಾಟಲಿಗೂ ಕ್ಲೋರಿನ್ ಮಾತ್ರೆ ಹಾಕಿ, ವಾಚ್ ನೋಡಿ ಅರ್ಧ ಗಂಟೆ ಕಾದು ಕುಡಿಯುತ್ತಿದ್ದೆ. ಜೊತೆಯವರು ನಗುತ್ತಿದ್ದರು. ನಲ್ಲಿ ನೀರು ಕುಡಿದವನು ಆರಾಮಾಗಿ ಬಂದ, ಮಲಗಿದವನು ನಾನು. ಸಿಪ್ರೊ ಒಂದು ಕೋರ್ಸ್, ಮೆಟ್ರೊನಿಡಜೋಲ್ ಎರಡು. ಬಾಯಲ್ಲಿ ಮೂರು ಹೊತ್ತೂ ತುಕ್ಕು ಮೊಳೆ ಚೀಪಿದ ರುಚಿ, ಹೊಟ್ಟೆ ಮಾತ್ರ ಇದ್ದ ಹಾಗೇ. 53ನೇ ದಿನ ಗೊತ್ತಾಯಿತು, ಸೈಕ್ಲೋಸ್ಪೋರಾ ಅಂತ, ಅದೂ ಕರುಳಿನ ಪರೋಪಜೀವಿಯೇ. ಮಾಮೂಲಿ ಮಲ ಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ. ಆ್ಯಸಿಡ್ ಫಾಸ್ಟ್ ಬಣ್ಣ ಹಾಕಿ ನೋಡಿ ಅಂತ ಡಾಕ್ಟರ ಕೈಲಿ ಚೀಟಿಯಲ್ಲೇ ಬರೆಸಿಕೊಳ್ಳಬೇಕು. ನೇಪಾಳದಲ್ಲಿ ಮೇನಿಂದ ಆಗಸ್ಟ್‌ವರೆಗೆ ಅದರ ಸುಗ್ಗಿ. ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ, ನೀರನ್ನು ಕುದಿಸಬೇಕು. ನನ್ನ ವಾಚು, ನನ್ನ ಅರ್ಧ ಗಂಟೆ, ಎಲ್ಲ ದಂಡ.

ವಾಸಿಯಾಗಿದ್ದು ಕೋ-ಟ್ರೈಮೊಕ್ಸಜೋಲ್‌ನಿಂದ, ಹತ್ತು ದಿನ. ಅದು ಸಲ್ಫಾ ಮಾತ್ರೆ. ಕೆಲವರಿಗೆ ಆಗುವುದಿಲ್ಲ, ನನ್ನ ತಮ್ಮನಿಗೆ ಹಿಂದೊಮ್ಮೆ ಮೈತುಂಬ ದದ್ದು ಎದ್ದಿತ್ತು. ಕೇಳಿಯೇ ತೆಗೆದುಕೊಳ್ಳಬೇಕು. ಟ್ರಾವೆಲ್ ಇನ್ಶೂರೆನ್ಸ್‌ನವರಿಗೆ 11,640ರ ಬಿಲ್ ಕಳಿಸಿದೆ. ಊರಿಗೆ ಬಂದ ಮೇಲಿನ ಚಿಕಿತ್ಸೆ ಸೇರುವುದಿಲ್ಲ ಎಂದರು. ಹೊಟ್ಟೆ ಅಲ್ಲಿ ಕೆಟ್ಟಿದ್ದು ಸ್ವಾಮಿ, ಇಲ್ಲಿ ಅಲ್ಲ! ಮೂರು ಪತ್ರ ಬರೆದೆ, ಮೂರಕ್ಕೂ ಒಂದೇ ಉತ್ತರ. ಅಲ್ಪವಿರಾಮವೂ ಬದಲಾಗಿರಲಿಲ್ಲ.

ಬಂಗಾರಪೇಟೆ ಬೋರು:
ಎಲ್ಲರೂ ನೇಪಾಳದ ನೀರು ಬೈಯುತ್ತೀರಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ನಮ್ಮ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತ ಕೇಳಿ ಕೇಳಿ ಗಂಟಲು ಒಣಗಿತು. ಹೊಟ್ಟೆ ಕೆಡಿಸಿಕೊಳ್ಳಲು ವಿಮಾನ ಯಾಕೆ ಹತ್ತಬೇಕು?

ಮಾಲೂರು ಮಾವ:
ಆ ನೀರು ಕುಡಿಯಲು ಅಲ್ಲ, ಅಂತರ್ಜಲಕ್ಕೆ. 1,100 ಅಡಿಗೆ ಬತ್ತಿದ್ದ ನನ್ನ ಬೋರು ಈಗ 400ಕ್ಕೆ ಬಂದಿದೆ. ಎರಡು ಎಕರೆ ಟೊಮೇಟೊ ಬೆಳೆದಿದ್ದೇನೆ. ತಿಂದವನು ನೀನೇ ಇರಬೇಕು.

ಬಂಗಾರಪೇಟೆ ಬೋರು:
ಅದಕ್ಕೇ ನಿಮಗೆ ಸಿಪ್ಪೆ ಕಷಾಯ ಬೇಕಾಗಿದ್ದು.

ಮಾಲೂರು ಮಾವ:
ನಿಮ್ಮಪ್ಪನ ವಯಸ್ಸು ನನಗೆ. ನೋಡಿ ಮಾತಾಡು.

ಹೂವಿನ ತೋಟ, ಚಿಕ್ಕಬಳ್ಳಾಪುರ:
ನಮ್ಮ ಕಡೆಯ ಕೆರೆಗೂ ಬೆಂಗಳೂರಿನದೇ ನೀರು, ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯದು. ಹೂವಿಗೆ ಏನೂ ಆಗಿಲ್ಲ. ಮೂಗಿಗೆ ಆಗಿದೆ.

ಕ್ಯಾತ್ಸಂದ್ರದವನು:
ಟೊಮೇಟೊ ಬಿಡಿ, ದಯವಿಟ್ಟು. ತಿಪಟೂರಿನವರೇ, ನೀವು ಬರೆದದ್ದನ್ನು ನಮ್ಮ ಡಾಕ್ಟರಿಗೆ ತೋರಿಸಿದೆ. ಇರಬಹುದು ಎಂದು ಚೀಟಿ ಬರೆದುಕೊಟ್ಟರು. ಲ್ಯಾಬಿನ ಹುಡುಗ ಚೀಟಿ ನೋಡಿ 'ಆ್ಯಸಿಡ್ ಫಾಸ್ಟ್ ಅಂದ್ರೆ ಟಿಬಿಗೆ ಸಾರ್, ಕಫ ತನ್ನಿ' ಎಂದ. ಕಫ ಅಲ್ಲಪ್ಪಾ ಅಂತ ಒಪ್ಪಿಸಲು ಹತ್ತು ನಿಮಿಷ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕಿವಿ ಕೊಟ್ಟು ಕೇಳಿದರು. ಕೊನೆಗೆ ಒಳಗಿಂದ ಮೇಡಂ ಬಂದು, ಮೂರು ದಿನದ್ದು ಬೇಕು, ಬೆಂಗಳೂರಿಗೆ ಕಳಿಸುತ್ತೇವೆ ಎಂದರು. 1,450. ಎರಡನೇ ಡಬ್ಬಿಯನ್ನು ಒಂದು ರಾತ್ರಿ ಫ್ರಿಜ್‌ನಲ್ಲಿ ಇಡಬೇಕಂತೆ. ನನ್ನ ಹೆಂಡತಿ ಫ್ರಿಜ್ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

ಇನ್ನೊಂದು ವಿಷಯ. ಜೊತೆಗೆ ಬಂದಿದ್ದವರಿಗೆ ಫೋನ್ ಮಾಡಿದೆ. ಇನ್ನೂ ಮೂವರಿಗೆ ಹೀಗೇ ಆಗಿದೆ. ನಾಚಿಕೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಗೌರಿಬಿದನೂರು ಅಕ್ಕ:
ಜೊತೆಯಲ್ಲೇ ಬಿ12 ನೋಡಿಸಿ ಅಣ್ಣ. ಡಬ್ಬಿಯನ್ನು ಎರಡು ಕವರ್‌ನಲ್ಲಿ ಕಟ್ಟಿ ಸ್ಟೀಲ್ ಡಬ್ಬದೊಳಗಿಡಿ. ಆಮೇಲೆ ಆ ಡಬ್ಬ ಬಿಸಾಡಿ.

ಮಾಲೂರು ಮಾವ:
ಅದೆಲ್ಲ ಇರಲಿ, ಮಜ್ಜಿಗೆ ಕುಡಿಯುತ್ತಿದ್ದೀರೋ ಇಲ್ಲವೋ?