ಒಂದೇ ತಿಂಗಳಲ್ಲಿ ಎರಡು ಸಲ ಮುಟ್ಟು

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 31 ವರ್ಷ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಮುಟ್ಟಿನ ದಿನಕ್ಕೂ ಚುಕ್ಕೆ ಇಡುತ್ತೇನೆ. ಈ ವರ್ಷ ಜನವರಿ 4, ಫೆಬ್ರವರಿ 1, ಮಾರ್ಚ್ 5, ಮತ್ತೆ ಮಾರ್ಚ್ 31. ಒಂದೇ ತಿಂಗಳಲ್ಲಿ ಎರಡು ಸಲ! ಮೈಯಲ್ಲಿ ರಕ್ತ ಉಳಿಯುವುದಿಲ್ಲ, ತೋರಿಸಿಕೊಂಡು ಬಾ ಎನ್ನುತ್ತಿದ್ದಾರೆ ಅತ್ತೆ.

ಉತ್ತರ (ಸ್ತ್ರೀರೋಗ ತಜ್ಞೆ): ಚುಕ್ಕೆ ಇಟ್ಟಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಜನ ‘ಹೋದ ತಿಂಗಳು, ಹಬ್ಬದ ಆಸುಪಾಸು’ ಎನ್ನುತ್ತಾರೆ. ಅದರಿಂದ ಲೆಕ್ಕ ಸಿಗುವುದಿಲ್ಲ. ಈಗ ತಾರೀಖು ಬಿಟ್ಟು ದಿನ ಎಣಿಸೋಣ. ಸ್ರಾವ ಶುರುವಾದದ್ದೇ ಒಂದನೆಯ ದಿನ, ನಿಂತ ದಿನವಲ್ಲ. ಮುಂದಿನ ಸ್ರಾವದ ಹಿಂದಿನ ದಿನಕ್ಕೆ ಒಂದು ಚಕ್ರ ಮುಗಿಯಿತು. ನಿಮ್ಮದು 28, 32, 26 ದಿನ. ನಿಮ್ಮ ವಯಸ್ಸಿನಲ್ಲಿ 24ರಿಂದ 38 ದಿನ ಸಹಜ. ಚಕ್ರಗಳ ನಡುವೆ ಒಂದು ವಾರದ ಏರಿಳಿತವೂ ಸಹಜ. ಮಾರ್ಚ್‌ಗೆ 31 ದಿನವಿದ್ದುದರಿಂದ ಎರಡೂ ಅದರೊಳಗೇ ಬಿದ್ದವು, ಅಷ್ಟೇ.

ಏರುಪೇರಾಗುವುದು ಹೆಚ್ಚಾಗಿ ಚಕ್ರದ ಮೊದಲ ಭಾಗದಲ್ಲಿ. ಅಂಡ ಬಲಿತು ಹೊರಬರಲು ಒಮ್ಮೆ 12 ದಿನ, ಒಮ್ಮೆ 18 ದಿನ ಹಿಡಿಯಬಹುದು. ಜ್ವರ ಬಂದಿದ್ದರೆ, ತೂಕ ತಟ್ಟನೆ ಇಳಿದಿದ್ದರೆ ಇನ್ನೂ ತಡ. ಹೊರಬಂದ ಮೇಲೆ ಸುಮಾರು ಎರಡು ವಾರಕ್ಕೆ ಮುಟ್ಟು.

ಆದರೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಸ್ರಾವ ಎಷ್ಟು ದಿನ? ಸುಸ್ತಿದೆಯೇ? ನಡುನಡುವೆ ಕಲೆ ಕಾಣುತ್ತದೆಯೇ?

ಪ್ರಶ್ನೆ: ನಾಲ್ಕು ದಿನ. ಕಲೆ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಮಾತ್ರ ಬರುತ್ತದೆ.

ಉತ್ತರ: ಹಾಗಿದ್ದರೆ ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಚಕ್ರ ಸರಿಯಿದ್ದರೂ ರಕ್ತಹೀನತೆ ಇರಬಹುದು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನ ಮಗಳಿಗೆ 13. ಹೋದ ವರ್ಷ ದೊಡ್ಡವಳಾದಳು. ಒಮ್ಮೆ 40 ದಿನ, ಒಮ್ಮೆ 25. ಔಷಧಿ ಅಂಗಡಿಯಲ್ಲಿ ಮುಟ್ಟು ಸರಿಯಾಗಲು ಮಾತ್ರೆ ಕೊಟ್ಟಿದ್ದಾರೆ. ನುಂಗಿಸಲೇ?

ಉತ್ತರ: ದಯವಿಟ್ಟು ಬೇಡ. ಅದು ಹಾರ್ಮೋನ್ ಮಾತ್ರೆ ಇರಬಹುದು. ನಿಲ್ಲಿಸಿದಾಗ ಸ್ರಾವ ಬರುತ್ತದೆ, ನೋಡಿದವರಿಗೆ ಎಲ್ಲ ಸರಿಹೋದಂತೆ ಕಾಣುತ್ತದೆ, ಒಳಗಿನ ಕಾರಣ ಹಾಗೇ ಉಳಿಯುತ್ತದೆ. ಮೊದಲ ಎರಡು ಮೂರು ವರ್ಷ 21ರಿಂದ 45 ದಿನ ಸಹಜ. ಅಂಡ ಪ್ರತಿ ಸಲವೂ ಬಿಡುಗಡೆಯಾಗುವುದಿಲ್ಲ. 90 ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಸ್ರಾವ ವಾರ ಮೀರಿದರೆ ತಡಮಾಡದೆ ಕರೆತನ್ನಿ. ಮುಟ್ಟು ಅಪರೂಪವಾಗಿ ಗಲ್ಲದ ಮೇಲೆ ದಪ್ಪ ಕೂದಲು ಬಂದರೂ ಅಷ್ಟೇ; ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ), ಥೈರಾಯ್ಡ್ ಎರಡನ್ನೂ ನೋಡಬೇಕಾಗುತ್ತದೆ. ಈಗ ಅವಳ ಕೈಗೂ ಒಂದು ಪುಟ್ಟ ಕ್ಯಾಲೆಂಡರ್ ಕೊಡಿ, ಚುಕ್ಕೆ ಅವಳೇ ಇಡಲಿ.