ಸಹಾಯ ಬೇಕು: ಸಿಕ್ಸ್‌ಲೈನ್ ರ‍್ಯಾಸ್ ಹೊಸ ಮೀನನ್ನು ಬಾಳಲು ಬಿಡುತ್ತಿಲ್ಲ

ನಮಸ್ಕಾರ. ಬೆಂಗಳೂರಿನ ಮನೆಯಲ್ಲಿ 300 ಲೀಟರಿನ ರೀಫ್ ಟ್ಯಾಂಕ್ (ಹವಳ, ಮೀನು ಇರುವ ಉಪ್ಪುನೀರಿನ ಅಕ್ವೇರಿಯಂ) ಇದೆ. ಅದರಲ್ಲಿರುವ ಸಿಕ್ಸ್‌ಲೈನ್ ರ‍್ಯಾಸ್ ಎಂಬ ಮೀನು ಹಳೆಯದು. ಕಲ್ಲಿನ ಸಂದಿಯ ಹುಳುಗಳನ್ನೆಲ್ಲ ಹುಡುಕಿ ತಿನ್ನುತ್ತದೆ, ತುಂಬಾ ಚುರುಕು. ಈಗ ಒಂದು ಫೇರಿ ರ‍್ಯಾಸ್ ತಂದಿದ್ದೇನೆ. ಕೆಂಪು ಬಣ್ಣದ ಗಂಡು, ಅಷ್ಟು ಚೆಂದದ ಮೀನು!

ಮೊದಲು ತೂತುಗಳಿರುವ ಅಕ್ರಿಲಿಕ್ ಬಾಕ್ಸ್‌ನಲ್ಲಿ ಅದೇ ಟ್ಯಾಂಕಿನೊಳಗೆ ಇಟ್ಟೆ. ಆಗ ಜಗಳ ಕಾಣಲಿಲ್ಲ. ಹೊರಗೆ ಬಿಟ್ಟ ಕೂಡಲೇ ಸಿಕ್ಸ್‌ಲೈನ್ ಅಟ್ಟಿಸಿಕೊಂಡು ಹೋಗುತ್ತಿದೆ. ಮೇಲಿನ ಕಲ್ಲುಗಳ ಜಾಗ ಬದಲಿಸಿದೆ, ತನ್ನ ಬಿಂಬದ ಕಡೆ ಅದರ ಗಮನ ಹೋಗಲಿ ಅಂತ ಗಾಜಿಗೆ ಕನ್ನಡಿ ಅಂಟಿಸಿದೆ, ಮೈಸಿಸ್ ಸಿಗಡಿ ಜಾಸ್ತಿ ಹಾಕಿದೆ. ಯಾವುದೂ ಕೆಲಸ ಮಾಡಲಿಲ್ಲ. ಫೇರಿಯ ಬಾಲ ಹರಿದಿದೆ, ಊಟಕ್ಕೂ ಹೊರಗೆ ಬರುತ್ತಿಲ್ಲ. ಹೆದರಿದ ರ‍್ಯಾಸ್ ಹಾರಿಬಿಡುತ್ತದೆ ಅಲ್ವಾ, ಅದಕ್ಕೆ ಮೇಲೆ ಬಲೆ ಹಾಕಿದ್ದೇನೆ. ನೀರು ಸರಿಯಾಗಿದೆ: ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ.

ಸಿಕ್ಸ್‌ಲೈನನ್ನು ಸ್ವಲ್ಪ ದಿನ ಸಂಪ್‌ಗೆ (ಅಕ್ವೇರಿಯಂಗೆ ಜೋಡಿಸಿದ ಫಿಲ್ಟರ್ ತೊಟ್ಟಿಗೆ) ಹಾಕಿ ಅಂತ ಕೆಲವರು ಹೇಳುತ್ತಾರೆ. ಆದರೆ ಅದನ್ನು ಹಿಡಿಯಲು ಹವಳ ಅಂಟಿಕೊಂಡಿರುವ ದೊಡ್ಡ ಕಲ್ಲುಗಳನ್ನೇ ಎತ್ತಬೇಕು. ಅಷ್ಟು ಮಾಡಿ, ವಾಪಸ್ ಬಿಟ್ಟ ಮೇಲೆ ಮತ್ತೆ ಇದೇ ಕಥೆಯಾದರೆ?

ಹೀಗೆ ಬೇರೆ ಇಟ್ಟು ಮತ್ತೆ ಬಿಟ್ಟಾಗ ನಿಮ್ಮ ಸಿಕ್ಸ್‌ಲೈನ್ ನಿಜವಾಗಿ ತಣ್ಣಗಾಯಿತಾ? ಇಲ್ಲಾ, ಎರಡರಲ್ಲಿ ಒಂದನ್ನು ಬೇರೆಯವರಿಗೆ ಕೊಡುವುದೇ ಸರಿಯಾ? ಕಲ್ಲು ಎತ್ತದೆ ಹಿಡಿಯುವ ದಾರಿ ಗೊತ್ತಿದ್ದರೆ ಅದನ್ನೂ ತಿಳಿಸಿ.