ಸಹಾಯ ಬೇಕು: ಒಂದೇ ಫೈಲಿನಲ್ಲಿ ಕೆಲವು ಸಾಲು ಮಾತ್ರ ಎಐ ಏಜೆಂಟ್ ತಿದ್ದುವಂತೆ ಮಾಡುವುದು ಹೇಗೆ?

ನಮಸ್ಕಾರ. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊ (ಕೋಡ್ ಸಂಗ್ರಹ). ಏಜೆಂಟ್‌ಗೆಂದೇ ಬೇರೆ ಗಿಟ್‌ಹಬ್ ಆ್ಯಪ್ ಇದೆ; ಕಂಟೆಂಟ್ಸ್ (ರೆಪೊದ ಫೈಲುಗಳು), ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಎಂಬ ಕೋರಿಕೆ) ಎರಡಕ್ಕೇ ರೈಟ್ ಅನುಮತಿ. ವರ್ಕ್‌ಫ್ಲೋಸ್ ಅನುಮತಿ ಇಲ್ಲ, ಹಾಗಾಗಿ ವರ್ಕ್‌ಫ್ಲೋ ಫೈಲ್ (ತಾನಾಗಿ ಓಡುವ ಕೆಲಸಗಳ ಪಟ್ಟಿ) ಮುಟ್ಟಿದ ಪುಶ್ ಅಲ್ಲೇ ತಿರಸ್ಕಾರವಾಗುತ್ತದೆ. ಮೇನ್ ಬ್ರ್ಯಾಂಚಿಗೆ ಕೋಡ್‌ಓನರ್ಸ್ (ಯಾವ ಫೈಲಿಗೆ ಯಾರು ಹೊಣೆ ಎಂದು ಗುರುತಿಸಿದವರು) ಒಪ್ಪಿಗೆ ಕಡ್ಡಾಯ.

ತೊಡಕು ಪ್ಯಾಕೇಜ್ ಡಾಟ್ ಜೇಸನ್‌ (ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನ ವಿವರದ ಫೈಲ್) ನದು. ಡಿಪೆಂಡೆನ್ಸಿಯ (ನಾವು ಬಳಸುವ ಹೊರಗಿನ ಪ್ಯಾಕೇಜಿನ) ಆವೃತ್ತಿ ಏರಿಸಲು ಏಜೆಂಟ್ ಇದನ್ನು ಮುಟ್ಟಲೇಬೇಕು. ಆದರೆ ಇದರ ಸ್ಕ್ರಿಪ್ಟ್ಸ್ ಭಾಗಕ್ಕೆ ಒಂದು ಪೋಸ್ಟ್‌ಇನ್‌ಸ್ಟಾಲ್ ಸಾಲು (ಇನ್‌ಸ್ಟಾಲ್ ಆದ ಮೇಲೆ ತಾನಾಗಿ ಓಡುವ ಆದೇಶ) ಸೇರಿದರೆ ಸಾಕು, ಸಿಐಯಲ್ಲಿ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಪ್ಯಾಕೇಜ್ ತರುವ ಎನ್‌ಪಿಎಂ ಇನ್‌ಸ್ಟಾಲ್ ಜೊತೆ ಅದೂ ಓಡಿಬಿಡುತ್ತದೆ, ಯಾರೂ ರಿವ್ಯೂ ಮಾಡುವ ಮುಂಚೆಯೇ. ಕೋಡ್‌ಓನರ್ಸ್ ನೋಡುವುದು ಫೈಲನ್ನು, ಸಾಲನ್ನಲ್ಲ. ಇಂಥ ಸ್ಕ್ರಿಪ್ಟ್ ಓಡದಂತೆ ಎನ್‌ಪಿಎಂಗೆ ಇಗ್ನೋರ್-ಸ್ಕ್ರಿಪ್ಟ್ಸ್ ಆಯ್ಕೆ ಹಾಕಿದರೆ, ಇನ್‌ಸ್ಟಾಲ್ ವೇಳೆ ಕಂಪೈಲ್ ಆಗಬೇಕಾದ ನೇಟಿವ್ ಮಾಡ್ಯೂಲ್‌ಗಳು ಬಿಲ್ಡ್ ಆಗುವುದಿಲ್ಲ.

ಯೋಚಿಸಿರುವುದು: ಮೇನ್ ಮತ್ತು ಏಜೆಂಟಿನ ಬ್ರ್ಯಾಂಚ್ ಎರಡರ ಸ್ಕ್ರಿಪ್ಟ್ಸ್ ಭಾಗವನ್ನೂ ಜೆಕ್ಯೂನಿಂದ (ಜೇಸನ್ ಓದುವ ಉಪಕರಣ) ತೆಗೆದು ಹೋಲಿಸಿ, ವ್ಯತ್ಯಾಸವಿದ್ದರೆ ಚೆಕ್ ಫೇಲ್ ಮಾಡುವುದು. ಹೋಲಿಸುವ ಸ್ಕ್ರಿಪ್ಟ್ ಏಜೆಂಟಿನ ಬ್ರ್ಯಾಂಚಿನದಾದರೆ ಅದನ್ನೇ ತಿದ್ದಬಹುದು, ಆದ್ದರಿಂದ ಮೇನ್‌ನಿಂದಲೇ ಬರಬೇಕು. ಪುಲ್ ರಿಕ್ವೆಸ್ಟ್ ಟಾರ್ಗೆಟ್ ಟ್ರಿಗರ್‌ನಲ್ಲಿ (ಇದರಲ್ಲಿ ವರ್ಕ್‌ಫ್ಲೋ ಏಜೆಂಟಿನ ಬ್ರ್ಯಾಂಚಿನಿಂದಲ್ಲ, ಮೇನ್‌ನಿಂದ ಬರುತ್ತದೆ) ಏಜೆಂಟಿನ ಕೋಡ್ ಓಡಿಸದೆ, ಫೈಲನ್ನು ಬರೀ ಡೇಟಾ ಆಗಿ ಓದಿದರೆ ಸಾಕೇ? ಹೊಸ ಡಿಪೆಂಡೆನ್ಸಿಯೊಳಗಿನ ಇನ್‌ಸ್ಟಾಲ್ ಸ್ಕ್ರಿಪ್ಟ್ ತಡೆಯಲು ಏನು ಬಳಸುತ್ತೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.